ಮೂವತ್ತೊಂದು ರೈಟ್ ಗುರುತು

ಆ ಮನೆಯ ಮಗಳಿಗೆ ಲಾಯರಮ್ಮ ಎಂಬ ಹೆಸರು ಬಿದ್ದದ್ದು ಅವಳ ಏಳನೇ ವಯಸ್ಸಿನಲ್ಲಿ. ಹಾಲು ಕುಡಿಯುವುದಿಲ್ಲವೆಂದು ಒಂದು ಗಂಟೆ ವಾದ ಮಾಡಿ, ಕೊನೆಗೆ ಆ ಲೋಟವನ್ನು ಅಪ್ಪನಿಗೇ ಕುಡಿಸಿದ್ದಳಂತೆ. ಈಗ ಮೂವತ್ತೆಂಟಾದರೂ ಹೆಸರು ಅಳಿಸಿಹೋಗಿರಲಿಲ್ಲ, ಚಟವೂ ಬಿಟ್ಟಿರಲಿಲ್ಲ. ಅಂಚೆ ಕಚೇರಿಯಲ್ಲಿ ಪಾರ್ಸೆಲ್ ತೂಗುವ ಕೆಲಸ ಅವಳದು. ಮದುವೆ ಬೇಡವೆಂದು ವಾದಿಸಿ ಗೆದ್ದಿದ್ದಳು. ಹಿತ್ತಿಲ ಮರಗೆಲಸದ ಶೆಡ್ಡಿಗೆ ದೊಡ್ಡ ಕಿಟಕಿ ಬೇಕೆಂದು ವಾದಿಸಿ ಗೆದ್ದಿದ್ದಳು. ಹೀಗಿರುವಾಗ, ಅಪ್ಪನ ಹೊಟ್ಟೆಯಲ್ಲಿ ಕ್ಯಾನ್ಸರ್ ಕಂಡು, ಕೀಮೋ ಶುರುವಾಗಿ, ಆಸ್ಪತ್ರೆಯವರು ಒಂಬತ್ತು ಹಾಳೆಯ ಒಪ್ಪಿಗೆ ಪತ್ರ ಕೈಗಿಟ್ಟಾಗ, ಊಟದ ಮೇಜಿನ ಮೇಲೆ ಅದನ್ನು ಬಿಚ್ಚಿದವಳೂ ಅವಳೇ.

"ಕೀಮೋ ತಗೊಳ್ಳೋರಿಗೆ ರಕ್ತ ಹೆಪ್ಪುಗಟ್ಟೋ ಅಪಾಯ ಜಾಸ್ತಿಯಂತೆ. ಕಾಲಲ್ಲಿ ಗಟ್ಟಿಯಾಗಿ, ಅಲ್ಲಿಂದ ಶ್ವಾಸಕೋಶಕ್ಕೆ ಹೋಗಿ ಕೂತ್ರೆ ಜೀವಕ್ಕೇ ಕುತ್ತು ಬರುತ್ತೆ. ಅದನ್ನ ಮೊದಲೇ ತಡೆಯೋಕಾಗುತ್ತಾ ಅಂತ ನೋಡ್ತಿದ್ದಾರೆ. ದಿನಕ್ಕೊಂದು ಮಾತ್ರೆ, ಆರು ತಿಂಗಳು. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಇನ್ನರ್ಧ ಜನಕ್ಕೆ ನೋಡೋಕೆ ಅದೇ ಥರ ಇರೋ, ಒಳಗೆ ಔಷಧಿನೇ ಇಲ್ಲದ ಉತ್ತುತ್ತಿ ಮಾತ್ರೆ. ಯಾರಿಗೆ ಯಾವುದು ಅಂತ ಡಾಕ್ಟರಿಗೂ ಗೊತ್ತಿರಲ್ಲ."

"ಡಾಕ್ಟರಿಗೇ ಗೊತ್ತಿಲ್ಲದ ಮಾತ್ರೆ ನಮ್ಮಪ್ಪನಿಗ್ಯಾಕೆ?" ಎಂದ ಅವಳ ತಮ್ಮ. ಅವನನ್ನು ಎಲ್ಲರೂ ಪುಟ್ಟ ಎನ್ನುತ್ತಿದ್ದರು. ಆಳು ಮಾತ್ರ ಬಾಗಿಲು ದಾಟುವಾಗ ತಲೆ ಬಗ್ಗಿಸುವಷ್ಟು ಎತ್ತರ. ಅಪ್ಪನ ಜೊತೆ ಶೆಡ್ಡಿನಲ್ಲಿ ಬಾಗಿಲು ಕಿಟಕಿ ಮಾಡುವುದೇ ಅವನ ಕಸುಬು. "ಇಲಿ ಸಿಗ್ಲಿಲ್ವಂತಾ ಅವರಿಗೆ?"

"ಇಲಿ ಕಾಲ ಎಲ್ಲಾ ಮುಗಿದಾಯ್ತು. ಬೇರೆ ರೋಗಿಗಳಿಗೆ ಈ ಮಾತ್ರೆ ವರ್ಷಗಟ್ಟಲೆಯಿಂದ ಕೊಡ್ತಾ ಇದ್ದಾರೆ. ಕ್ಯಾನ್ಸರ್ ಇರೋರಿಗೆ ಮುಂಚೇನೇ ಕೊಟ್ರೆ ಲಾಭಾನಾ, ನಷ್ಟಾನಾ, ಅದಷ್ಟೇ ಪ್ರಶ್ನೆ."

"ನಷ್ಟ ಅಂದ್ರೆ?" ಒಲೆಯ ಮುಂದಿದ್ದ ಅಮ್ಮ ಸೌಟು ಹಿಡಿದೇ ತಿರುಗಿದಳು.

"ರಕ್ತ ಬೇಗ ನಿಲ್ಲಲ್ಲ. ಗಾಯ ಗೀಯ ಆಗ್ದಂಗೆ ನೋಡ್ಕೋಬೇಕು."

"ಉಳಿ ಹಿಡಿಯೋ ಮನುಷ್ಯನಿಗೆ ಗಾಯ ಆಗದೇ ಇರುತ್ತೇನೇ?"

ಅಪ್ಪ ಇಷ್ಟು ಹೊತ್ತೂ ಬೇಯಿಸಿದ ಮೊಟ್ಟೆಯ ಸಿಪ್ಪೆ ಬಿಡಿಸುತ್ತಾ ಕುಳಿತಿದ್ದರು. ಬೀದಿಗೆಲ್ಲ ಅವರು ಮೇಸ್ತ್ರಿಯೇ. ಅರವತ್ತಾರು ವರ್ಷ. ಮೂರು ತಿಂಗಳಲ್ಲಿ ಅಂಗಿ ಎರಡು ಅಳತೆ ದೊಡ್ಡದಾಗಿತ್ತು.

"ಸಾಕು ಬಿಡ್ರಪ್ಪ," ಎಂದರು. "ಹೊಟ್ಟೆ ನಂದು, ಕಾಲು ನಂದು, ಸಹೀನೂ ನಂದೇ. ಲಾಯರಮ್ಮ ತೀರ್ಪು ಕೊಟ್ಟ ಮೇಲೆ ಅಪೀಲು ಎಲ್ಲಿದೆ?"

ಎಲ್ಲರೂ ನಕ್ಕರು, ಅಮ್ಮ ಒಬ್ಬಳನ್ನು ಬಿಟ್ಟು.

ಸಹಿ ಮಾಡಿಸಿಕೊಂಡ ನರ್ಸ್ ಸಣ್ಣ ವಯಸ್ಸಿನವಳು, ಮಾತು ಮಾತ್ರ ಅಳೆದು ತೂಗಿದ ಹಾಗೆ. ಯಾವಾಗ ಬೇಕಾದರೂ ಬಿಡಬಹುದು, ಕಾರಣ ಹೇಳಬೇಕಾಗಿಲ್ಲ, ಬಿಟ್ಟರೂ ಚಿಕಿತ್ಸೆ ನಿಲ್ಲುವುದಿಲ್ಲ ಎಂದು ಎರಡೆರಡು ಸಲ ಹೇಳಿದಳು. ಒಂದು ಡಬ್ಬಿ ಮಾತ್ರೆ, ಒಂದು ನೀಲಿ ಪುಸ್ತಕ ಕೊಟ್ಟಳು. ದಿನಕ್ಕೊಂದು ಚೌಕ. ಮಾತ್ರೆ ನುಂಗಿದ ಮೇಲೆ ಅದರಲ್ಲಿ ರೈಟ್ ಗುರುತು ಹಾಕಬೇಕು, ಪೆನ್ನಿನಲ್ಲೇ.

ಮೊದಲ ಎರಡು ವಾರ ಸುಸೂತ್ರವಾಗಿ ಹೋಯಿತು. ಬೆಳಿಗ್ಗೆ ಏಳೂವರೆಗೆ ಅಮ್ಮ ಗಂಜಿ ಇಡುವಳು, ಲಾಯರಮ್ಮ ಡಬ್ಬಿಯ ಮುಚ್ಚಳದಲ್ಲಿ ಮಾತ್ರೆ ಹಾಕಿ ಕೊಡುವಳು, ಅಪ್ಪ ನುಂಗಿ ಬಾಯಿ ತೆರೆದು ತೋರಿಸಿ ತಮಾಷೆ ಮಾಡುವರು, ಅವಳು ಗುರುತು ಹಾಕಿ ಬಸ್ಸಿಗೆ ಓಡುವಳು. ಪಕ್ಕದ ಬೀದಿಯಲ್ಲಿ ಕಟ್ಟುತ್ತಿದ್ದ ಮನೆಗೆ ಮೇಸ್ತ್ರಿ ಎಂಟು ಬಾಗಿಲು ಒಪ್ಪಿಕೊಂಡಿದ್ದರು. ಕೀಮೋ ಹಾಕಿಸಿಕೊಂಡು ಬಂದು ಎರಡು ದಿನ ಮಲಗಿ, ಮೂರನೆಯ ದಿನ ಗೋಡೆ ಹಿಡಿದುಕೊಂಡು ಶೆಡ್ಡಿಗೆ ಹೋಗುತ್ತಿದ್ದರು. ಮಗ ಕೊರೆದ ಸಂದು ಅವರಿಗೆ ಯಾವತ್ತೂ ಹಿಡಿಸುತ್ತಿರಲಿಲ್ಲ.

ಮೂರನೆಯ ವಾರ, ಹತ್ತೊಂಬತ್ತನೆಯ ದಿನ, ಉಳಿ ಜಾರಿತು.

ಎಡಗೈ ಹೆಬ್ಬೆರಳ ಬುಡ. ಬೇರೆ ಕಾಲದಲ್ಲಾಗಿದ್ದರೆ ಬಟ್ಟೆ ಸುತ್ತಿ ಕೆಲಸ ಮುಂದುವರಿಸುವ ಗಾಯ. ಆದರೆ ಒಂದು ಟವೆಲ್ ನೆನೆದು ಎರಡನೆಯದೂ ನೆನೆಯಿತು. ಲಾಯರಮ್ಮ ಕೆಲಸದಿಂದ ಬರುವಷ್ಟರಲ್ಲಿ ಅಮ್ಮ ಗಂಡನ ಕೈಯನ್ನು ತನ್ನೆರಡೂ ಕೈಯಲ್ಲಿ ಅದುಮಿ ಹಿಡಿದು ನೆಲದ ಮೇಲೆ ಕುಳಿತಿದ್ದಳು. ಮೊಣಕೈವರೆಗೂ ಕೆಂಪು.

"ನೋಡು, ನೋಡು ನಿನ್ನ ಕೇಸು!" ಅಂದಳು.

"ನರ್ಸಿಗೆ ಫೋನ್ ಮಾಡ್ತೀನಿ."

"ಬೇಡ," ಎಂದರು ಮೇಸ್ತ್ರಿ. "ನಿಲ್ತಾ ಬಂತು. ಹೇಳಿದ್ರೆ ಉಳಿ ಮುಟ್ಬೇಡ ಅಂತಾರೆ."

ಅವಳು ಫೋನ್ ಮಾಡಿದಳು. ಆಸ್ಪತ್ರೆಯಲ್ಲಿ ಆರು ಹೊಲಿಗೆ ಹಾಕಿದರು. ರಕ್ತ ಪರೀಕ್ಷೆ ಮಾಡಿದ ಡಾಕ್ಟರು, ಕೀಮೋದಿಂದ ರಕ್ತ ನಿಲ್ಲಿಸುವ ಕಣಗಳು ಕಡಿಮೆಯಾಗಿವೆ, ಮಾತ್ರೆಯೂ ಸೇರಿಕೊಂಡಿರಬಹುದು, ಇಲ್ಲದೆಯೂ ಇರಬಹುದು ಎಂದರು. ಮೂರು ದಿನ ಮಾತ್ರೆ ನಿಲ್ಲಿಸಿ ಮತ್ತೆ ಶುರು ಮಾಡಿ. ಉಳಿ, ಗರಗಸ ಮಾತ್ರ ಬೇಡ.

ಮನೆಗೆ ಬಂದ ಮೇಲೆ ಜಗಳ ನಿಲ್ಲಲಿಲ್ಲ.

"ಆ ಡಬ್ಬಿ ವಾಪಸ್ ಕೊಟ್ಟು ಬಾ. ಯಾವಾಗ ಬೇಕಾದ್ರೂ ಬಿಡಬಹುದು ಅಂತ ಅವಳೇ ಹೇಳಿದ್ದಾಳೆ," ಎಂದಳು ಅಮ್ಮ.

"ಬೆರಳು ಕೊಯ್ದಿದ್ದು ಉಳಿ, ಮಾತ್ರೆ ಅಲ್ಲ. ನಾಳೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ರೆ ಅದಕ್ಕೆ ಹೊಲಿಗೆ ಹಾಕೋಕಾಗಲ್ಲ."

"ಕಣ್ಣಿಗೆ ಕಂಡ ರಕ್ತ ಬಿಟ್ಟು ಕಾಣದ ರಕ್ತಕ್ಕೆ ಹೆದರಿಸ್ತೀಯಲ್ಲೇ!"

"ಅಕ್ಕ, ಒಂದ್ಸಲ ಆದ್ರೂ ಸೋಲೇ," ಎಂದ ಪುಟ್ಟ.

ಮೇಸ್ತ್ರಿ ಬ್ಯಾಂಡೇಜು ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು ಕುಳಿತಿದ್ದರು. ಮಗಳ ಮುಖ ನೋಡಿದರು. "ತಗೋತೀನಿ ಬಿಡೇ. ಕೊಟ್ಟ ಮಾತು," ಎಂದರು.

ಇಪ್ಪತ್ತಮೂರನೆಯ ದಿನ ಮತ್ತೆ ಮುಚ್ಚಳದಲ್ಲಿ ಮಾತ್ರೆ ಬಂತು.

"ಗಂಜಿ ಸುಡ್ತಾ ಇದೆ, ಆರ್ಲಿ. ನೀನು ಹೊರಡು, ಬಸ್ಸು ತಪ್ಪುತ್ತೆ," ಎಂದರು ಮೇಸ್ತ್ರಿ.

ಅವಳು ಗಡಿಯಾರ ನೋಡಿದಳು, ಚೌಕದಲ್ಲಿ ರೈಟ್ ಗುರುತು ಹಾಕಿದಳು, ಹೊರಟಳು. ಮಾರನೆಯ ದಿನವೂ ಗಂಜಿ ಸುಡುತ್ತಿತ್ತು. ಅದರ ಮಾರನೆಯ ದಿನವೂ. ಬರಬರುತ್ತಾ ಅದೇ ರೂಢಿಯಾಯಿತು. ಎದ್ದ ಕೂಡಲೇ ಗುರುತು ಹಾಕಿ, ಆಮೇಲೆ ಹಲ್ಲುಜ್ಜಿದ ದಿನವೂ ಇತ್ತು. ತಿಂಗಳ ಕೊನೆಗೆ ನರ್ಸ್ ಖಾಲಿ ಡಬ್ಬಿ ನೋಡಿ, ಪುಸ್ತಕ ನೋಡಿ, "ನಿಮ್ಮಷ್ಟು ಅಚ್ಚುಕಟ್ಟು ಯಾರೂ ಇಲ್ಲ" ಎಂದಾಗ ಲಾಯರಮ್ಮನಿಗೆ ಹೆಮ್ಮೆಯೇ ಆಗಿತ್ತು. ಆ ದಿನ ಮನೆಗೆ ಬರುತ್ತಾ ಅಪ್ಪನಿಗೆ ಕಿತ್ತಳೆ ಹಣ್ಣು ತಂದಳು.

ಎಂಟನೆಯ ವಾರದಲ್ಲಿ ಒಂದು ಬೆಳಿಗ್ಗೆ ಮೇಸ್ತ್ರಿಗೆ ಎಡಗಾಲಿನ ಕಾಲುಚೀಲ ಏರಲಿಲ್ಲ.

"ಚೀಲ ಕುಗ್ಗಿದೆ," ಎಂದರು.

"ಬಲಗಾಲಿಂದು ಸರಿ ಇದೆಯಲ್ಲ?" ಎಂದ ಪುಟ್ಟ, ಬಗ್ಗಿ ನೋಡಿದ. ಮೀನಖಂಡ ಬಾತು ಬಿಗಿದುಕೊಂಡಿತ್ತು, ಮುಟ್ಟಿದರೆ ಬಿಸಿ. ಲಾಯರಮ್ಮ ಫೋನಿಗೆ ಕೈ ಹಾಕುವಷ್ಟರಲ್ಲಿ ಮೇಸ್ತ್ರಿ ಎದ್ದು ನಾಲ್ಕು ಹೆಜ್ಜೆ ಇಟ್ಟರು, ಬಾಗಿಲ ಚೌಕಟ್ಟು ಹಿಡಿದು ನಿಂತರು. ಬಾಯಿ ತೆರೆದಿತ್ತು, ಉಸಿರು ಒಳಗೆ ಹೋಗುತ್ತಿರಲಿಲ್ಲ. ತುಟಿಯ ಬಣ್ಣ ಹೋಗಿತ್ತು.

ಪುಟ್ಟ ಅಪ್ಪನನ್ನು ಮಗುವಿನ ಹಾಗೆ ಎತ್ತಿಕೊಂಡು ಬೀದಿಗೆ ಓಡಿದ. ಎದುರು ಮನೆಯವರ ಕಾರಿನಲ್ಲಿ ಆಸ್ಪತ್ರೆ ಮುಟ್ಟಿದರು.

ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಹೊರಗೆ ಬಂದರು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆ, ಒಂದು ಚೂರು ಶ್ವಾಸಕೋಶಕ್ಕೂ ಹೋಗಿದೆ, ಸಮಯಕ್ಕೆ ತಂದಿರಿ, ಉಳಿದುಕೊಳ್ಳುತ್ತಾರೆ. ಆಮೇಲೆ ಕೇಳಿದರು, "ಸಂಶೋಧನೆ ಮಾತ್ರೆ ಸರಿಯಾಗಿ ತಗೋತಿದ್ರಾ?"

"ಗಾಯ ಆದಾಗ ನೀವೇ ನಿಲ್ಲಿಸಿದ ಮೂರು ದಿನ ಬಿಟ್ರೆ ಒಂದು ದಿನಾನೂ ತಪ್ಪಿಸಿಲ್ಲ." ಲಾಯರಮ್ಮ ಚೀಲದಿಂದ ನೀಲಿ ಪುಸ್ತಕ ತೆಗೆದು ಕೊಟ್ಟಳು. ಅಲ್ಲೇ ಪರದೆಯ ಹಿಂದೆ ಆಮ್ಲಜನಕದ ಮುಖವಾಡ ಹಾಕಿಕೊಂಡು ಮಲಗಿದ್ದ ಮೇಸ್ತ್ರಿ ಗೋಡೆಯ ಕಡೆ ಹೊರಳಿದರು.

ಅವರು ಆಸ್ಪತ್ರೆಯಲ್ಲಿದ್ದ ಐದು ದಿನ ಮನೆಯಲ್ಲಿ ಕುದಿಯುವ ಎಣ್ಣೆ. ಪುಟ್ಟ ಬಾಯಿಗೆ ಬಂದದ್ದೆಲ್ಲ ಅಂದ. "ತಡೆಯೋ ಮಾತ್ರೆ ಅಂದೆ, ತಡೀತಾ? ಉತ್ತುತ್ತಿ ಮಾತ್ರೆ ಕೊಟ್ಟು ಆಟ ನೋಡಿದ್ರು. ನೀನು ಕೂತು ಮಾರ್ಕು ಹಾಕಿದೆ."

ಲಾಯರಮ್ಮ ಪ್ರತಿ ಮಾತಿಗೂ ಪ್ರತಿ ಮಾತು ಕೊಟ್ಟಳು. ಕಷ್ಟವಾದದ್ದು ಅಮ್ಮನ ಜೊತೆ. ಅಮ್ಮ ಬೈಯಲೂ ಇಲ್ಲ. ಮಗಳು ಅಡುಗೆಮನೆಗೆ ಬಂದರೆ ಎದ್ದು ಹೋಗುತ್ತಿದ್ದಳು. ಮೂರು ತಟ್ಟೆ ಇಡುವ ಕಡೆ ಎರಡು ಇಡುತ್ತಿದ್ದಳು. ಮಗಳು ತಾನೇ ತಟ್ಟೆ ತಂದು ಬಡಿಸಿಕೊಂಡರೆ, ಕಣ್ಣೆತ್ತಿ ನೋಡುತ್ತಿರಲಿಲ್ಲ.

"ಮಾತಾಡಮ್ಮ. ಬೈಯೋದಾದ್ರೂ ಬೈಯಿ," ಎಂದಳು ಒಮ್ಮೆ.

ಅಮ್ಮ ಒದ್ದೆ ಬಟ್ಟೆಯ ಬಕೆಟ್ಟು ಎತ್ತಿಕೊಂಡು ಹಿತ್ತಿಲಿಗೆ ನಡೆದಳು.

ಮೇಸ್ತ್ರಿ ಮನೆಗೆ ಬಂದರು. ಸಂಶೋಧನೆಯ ಮಾತ್ರೆ ನಿಂತು, ದಿನಾ ಹೊಟ್ಟೆಗೆ ಒಂದು ಇಂಜೆಕ್ಷನ್ ಬಂದಿತ್ತು. ಅದನ್ನು ಚುಚ್ಚುವುದನ್ನು ಲಾಯರಮ್ಮ ಕಲಿತಿದ್ದಳು. ಶೆಡ್ಡಿನಲ್ಲಿ ಪುಟ್ಟ ಒಬ್ಬನೇ ಉಳಿದ ಬಾಗಿಲು ಮುಗಿಸುತ್ತಿದ್ದ. ಭಾನುವಾರ ಮಧ್ಯಾಹ್ನ ಎಲ್ಲರೂ ಮೇಜಿನ ಮುಂದೆ ಕುಳಿತಿದ್ದಾಗ ಅವನು ಹಿತ್ತಿಲ ಬಾಗಿಲಿಂದ ಬಂದು ಒಂದು ತಗಡಿನ ಡಬ್ಬಿಯನ್ನು ತಟ್ಟೆಗಳ ನಡುವೆ ಕುಕ್ಕಿದ.

"ಸ್ಕ್ರೂ ಮುಗೀತು ಅಂತ ಮೇಲಿನ ಹಲಗೆ ತಡಕಿದೆ. ಇದು ಸಿಕ್ತು."

ಲಾಯರಮ್ಮ ಮುಚ್ಚಳ ತೆಗೆದಳು. ಒಳಗೆ ತಿಳಿ ಗುಲಾಬಿ ಬಣ್ಣದ ಮಾತ್ರೆಗಳು, ಮರದ ಪುಡಿ ಮೆತ್ತಿಕೊಂಡು.

ಅಮ್ಮ ಮಾತ್ರ ಡಬ್ಬಿಯ ಕಡೆ ನೋಡದೆ ಗಂಜಿ ಕಲಕುತ್ತಲೇ ಇದ್ದಳು.

"ಅಪ್ಪ?" ಎಂದಳು ಲಾಯರಮ್ಮ.

"ಎಂಟು ಬಾಗಿಲು ಒಪ್ಕೊಂಡಿದ್ದೆ," ಎಂದರು ಮೇಸ್ತ್ರಿ. "ರಕ್ತ ಸೋರೋ ಕೈಯಲ್ಲಿ ಬಾಗಿಲು ಮಾಡೋಕಾಗುತ್ತಾ?"

"ಹಾಗಂತ ಹೇಳಬೇಕಿತ್ತು! ಡಾಕ್ಟರ ಮುಂದೆ ನಾನು ಎದೆ ತಟ್ಟಿ ಹೇಳಿದೆ. ಐದು ದಿನ ಇವರಿಬ್ಬರೂ ನನ್ನ ಅರೆದು ಹಾಕಿದ್ರು. ನೀನು ಬಾಯಿ ಬಿಡಲಿಲ್ಲ."

"ನೀನು ನೋಡಿದ್ಯಾ?"

"ಏನು?"

"ನಾನು ನುಂಗಿದ್ದು. ಗಾಯ ಆದ ಮೇಲೆ ಒಂದು ದಿನ ಆದ್ರೂ ನಿಂತು ನೋಡಿದ್ಯಾ? ನೋಡದೆ ಹ್ಯಾಗೆ ಗುರುತು ಹಾಕ್ದೆ?"

ಲಾಯರಮ್ಮ ತಟ್ಟೆ ಸರಿಸಿ ಎದ್ದಳು, ಮತ್ತೆ ಕುಳಿತಳು.

"ತಪ್ಪೇ," ಎಂದಳು ಕೊನೆಗೆ. "ಬುಧವಾರ ನರ್ಸಿಗೆ ಹೇಳ್ತೀನಿ. ಇಬ್ಬರ ತಪ್ಪನ್ನೂ."

"ಹುಚ್ಚಾ ನಿಂಗೆ?" ಪುಟ್ಟ ಡಬ್ಬಿಯನ್ನು ಎಳೆದುಕೊಂಡ. "ಒಲೆಗೆ ಹಾಕಿದ್ರೆ ಮುಗೀತು. ಸುಳ್ಳು ಹೇಳಿದ್ರು ಅಂತ ಅವರು ಔಷಧಿ ಕೊಡೋದೇ ನಿಲ್ಲಿಸಿದ್ರೆ ಏನ್ಮಾಡ್ತೀಯ?"

"ನಿಲ್ಲಿಸಲ್ಲ. ಇಲ್ಲಿ ಕೇಳು. ಮಾತ್ರೆ ತಗೊಂಡೂ ಈ ಮನುಷ್ಯನಿಗೆ ರಕ್ತ ಹೆಪ್ಪುಗಟ್ತು ಅಂತ ಅವರು ಬರ್ಕೊಂಡಿದ್ದಾರೆ. ಇಂಥಾ ಮನೆ ಇನ್ನೂ ಎಷ್ಟಿದ್ಯೋ. ಎಲ್ಲಾ ಸೇರಿ, ಈ ಮಾತ್ರೆ ಪ್ರಯೋಜನ ಇಲ್ಲ ಅಂತ ತೀರ್ಮಾನ ಆಗ್ಬಿಟ್ರೆ? ಇನ್ಯಾರದೋ ಅಪ್ಪನಿಗೆ ಅದು ಸಿಗಲ್ಲ."

"ಇನ್ಯಾರದೋ ಅಪ್ಪನ್ನ ಅವರ ಮಕ್ಕಳು ನೋಡ್ಕೋತಾರೆ. ನಮ್ಮಪ್ಪ ಬದುಕಿದ್ರೆ ಸಾಕು."

"ಆ ನರ್ಸ್ ಹುಡುಗಿ ಮುಖ ಹ್ಯಾಗೆ ನೋಡ್ಲಿ ನಾನು," ಎಂದರು ಮೇಸ್ತ್ರಿ, ಯಾರಿಗೂ ಅಲ್ಲದ ಹಾಗೆ. "ಅಚ್ಚುಕಟ್ಟು ಅಂದಿದ್ದಳು."

ಮಾತು ಅಲ್ಲಿಗೇ ಮುರಿಯಿತು. ಡಬ್ಬಿಯನ್ನು ಲಾಯರಮ್ಮ ತನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಎರಡು ದಿನ ಮನೆಯಲ್ಲಿ ಇಂಜೆಕ್ಷನ್ ಚುಚ್ಚುವಾಗ "ಉಸಿರು ಬಿಡು" ಎಂಬುದೊಂದೇ ಮಾತು.

ಮಂಗಳವಾರ ಸಂಜೆ ಪುಟ್ಟ ಎಂಟನೆಯ ಬಾಗಿಲನ್ನು ಹೊತ್ತುಕೊಂಡೇ ವಾಪಸು ಬಂದ. ಚೌಕಟ್ಟಿಗೆ ಕೂರಲಿಲ್ಲವಂತೆ. ಮೇಸ್ತ್ರಿ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತು ಮೂಲೆಮಟ್ಟ ತರಿಸಿಕೊಂಡರು. ಮೂಲೆ ಮೂಲೆಗೂ ಹಿಡಿದು ನೋಡಿದರು.

"ಮೇಲಿನ ಪಟ್ಟಿ ಎರಡು ಗೆರೆ ಕಮ್ಮಿ ಕೊಯ್ದಿದ್ದೀಯ."

"ಗೊತ್ತು. ಅಂಟು ಹಾಕಿ, ಮರದ ಪುಡಿ ತುಂಬಿ, ಉಜ್ಜಿದ್ದೆ. ಕಾಣ್ತಿರಲಿಲ್ಲ."

"ಕಾಣ್ತಿರಲಿಲ್ಲ!" ಮೇಸ್ತ್ರಿಯ ದನಿ ಬೀದಿಗೆ ಕೇಳಿತು. "ತಪ್ಪಾಯ್ತು ಅಂತ ಕೊಯ್ದಾಗಲೇ ಬಂದು ಹೇಳಿದ್ರೆ ಬೇರೆ ಪಟ್ಟಿ ಹಾಕ್ತಿದ್ವಿ. ಮುಚ್ಚಿ ಬಣ್ಣ ಬಳಿದು ಇನ್ನೊಬ್ಬರ ಮನೆಗೆ ತಗಲಿಸ್ತೀಯೇನೋ? ನಲವತ್ತು ವರ್ಷದಲ್ಲಿ ನಾನು ಹಾಗೆ ಒಂದು..."

"ಯಾರಪ್ಪಾ ಹೇಳ್ತಿರೋದು!" ಎಂದುಬಿಟ್ಟ ಪುಟ್ಟ.

ಅಂದ ಮೇಲೆ ಅವನಿಗೇ ಗಾಬರಿಯಾಯಿತು. ಮೇಸ್ತ್ರಿ ಮೂಲೆಮಟ್ಟವನ್ನು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಒಳಗಿದ್ದ ಮಗಳನ್ನು ಕೂಗಿದರು.

"ನಾಳೆ ಎಷ್ಟು ಗಂಟೆಗೆ ಆಸ್ಪತ್ರೆ?"

"ಹತ್ತಕ್ಕೆ."

"ಆ ಡಬ್ಬಿ ನನ್ನ ಕೈಯಲ್ಲಿ ಕೊಡು. ನೀನು ಹೊರಬೇಡ."

ಬೆಳಿಗ್ಗೆ ಪುಟ್ಟ ಶೆಡ್ಡಿಗೆ ಹೋದ, ಉಳಿದ ಮೂವರೂ ಹೊರಟರು. ಅಮ್ಮನನ್ನು ಯಾರೂ ಕರೆದಿರಲಿಲ್ಲ. ಅವಳೇ ಫ್ಲಾಸ್ಕಿಗೆ ಚಹಾ ತುಂಬಿಕೊಂಡು ಚಪ್ಪಲಿ ಮೆಟ್ಟಿ ನಿಂತಿದ್ದಳು. ಬಸ್ಸಿನಲ್ಲಿ ಮಗಳ ಪಕ್ಕದ ಜಾಗ ಖಾಲಿ ಇದ್ದರೂ ಹಿಂದಿನ ಸೀಟಿಗೆ ಹೋದಳು.

ನರ್ಸಿನ ಕೋಣೆಯಲ್ಲಿ ಒಂದು ಮೇಜು, ಎದುರಿಗೆ ಎರಡು ಕುರ್ಚಿ, ಗೋಡೆಯುದ್ದಕ್ಕೂ ಕಡತ. ಅಮ್ಮ ಬಾಗಿಲ ಬಳಿ ನಿಂತಳು. ಮೇಸ್ತ್ರಿ ತಗಡಿನ ಡಬ್ಬಿಯನ್ನು ಮೇಜಿನ ಮೇಲಿಟ್ಟರು.

"ಇವು ನಾನು ನುಂಗದೇ ಇದ್ದ ಮಾತ್ರೆ, ತಾಯಿ. ಗಾಯ ಆದ ಮೇಲೆ ಒಂದೂ ನುಂಗಿಲ್ಲ. ಈಗ ಬೈದುಬಿಡಿ."

ಲಾಯರಮ್ಮ ಜೊತೆಗೇ ಹೇಳಿದಳು, "ಪುಸ್ತಕದಲ್ಲಿ ಗುರುತು ಹಾಕಿದ್ದು ನಾನು. ಅವರು ನುಂಗಿದ್ದು ನೋಡಿರಲಿಲ್ಲ."

ನರ್ಸ್ ಬೈಯಲಿಲ್ಲ. ಕೈಗವಸು ಹಾಕಿಕೊಂಡು, ತಟ್ಟೆಯ ಮೇಲೆ ಮಾತ್ರೆ ಸುರಿದು, ಎರಡೆರಡಾಗಿ ಸರಿಸುತ್ತಾ ಎಣಿಸಿದಳು. ಪುಸ್ತಕ ತೆರೆದು ಚೌಕಗಳನ್ನೂ ಎಣಿಸಿದಳು. ಹುಬ್ಬು ಗಂಟಿಕ್ಕಿತು.

"ಇಪ್ಪತ್ತಮೂರನೇ ದಿನದಿಂದ ಮೂವತ್ತೊಂದು ಗುರುತಿದೆ. ಮಾತ್ರೆ ಇರೋದು ಇಪ್ಪತ್ತೊಂಬತ್ತು. ಎರಡು ದಿನ ತಗೊಂಡಿದ್ರಾ ಮೇಸ್ತ್ರಿಗಳೇ? ನೆನಪು ಮಾಡ್ಕೊಳ್ಳಿ."

"ಇಲ್ಲ ತಾಯಿ. ಒಂದೂ ಇಲ್ಲ."

"ಹಾಗಿದ್ರೆ ಇನ್ನೆರಡು ಎಲ್ಲಿ?"

"ಎಲ್ಲೋ ಬಿದ್ದಿರ್ಬೇಕು," ಎಂದರು ಮೇಸ್ತ್ರಿ. ನರ್ಸ್ ಪೆನ್ನು ಹಿಡಿದು ಕಾಯುತ್ತಿದ್ದಳು.

"ಬಕೆಟ್ಟಲ್ಲಿ ಕರಗಿ ಹೋದವು."

ಅಮ್ಮನ ದನಿ. ಮೂವರೂ ತಿರುಗಿದರು. ಅಮ್ಮ ಫ್ಲಾಸ್ಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಅಂಗಿ ಜೇಬಲ್ಲಿ ಮರೆತಿದ್ರು. ಒಗೆಯೋಕೆ ನೆನೆಹಾಕಿದ್ದೆ. ಕೈಗೆ ಸಿಗೋ ಹೊತ್ತಿಗೆ ಗುಲಾಬಿ ನೀರಾಗಿತ್ತು. ಒಂದು ಸಲ ಒಂದು, ಇನ್ನೊಂದು ಸಲ ಇನ್ನೊಂದು."

"ಯಾವಾಗಮ್ಮ?" ಎಂದಳು ಲಾಯರಮ್ಮ.

"ಮೊದಲನೇದು, ಕೈ ಹೊಲಿಗೆ ಬಿಚ್ಚಿದ ವಾರ."

"ಅಂದ್ರೆ ಒಂದು ತಿಂಗಳಿಂದ ನಿಂಗೆ ಗೊತ್ತಿತ್ತು."

"ಗೊತ್ತಿತ್ತು. ಬಾಯಿ ಮುಚ್ಕೊಂಡಿದ್ದೆ. ರಕ್ತ ಸುರಿಯೋದು ನಿಂತಿತಲ್ಲ, ಅಷ್ಟು ಸಾಕಾಗಿತ್ತು ನಂಗೆ." ಅವಳು ಮಗಳ ಕಡೆ ನೋಡದೆ ನರ್ಸಿಗೇ ಹೇಳುತ್ತಿದ್ದಳು. "ಆಮೇಲೆ ಇವರಿಗೆ ಹಿಂಗಾಯ್ತು. ನಾನೇ ಕೊಂದೆ ಅನ್ನಿಸ್ತು. ಮಗಳ ಮುಖ ನೋಡೋಕೆ ಆಗ್ತಿರಲಿಲ್ಲಮ್ಮ. ಅದಕ್ಕೇ ನೋಡ್ಲಿಲ್ಲ."

ಲಾಯರಮ್ಮ ಎದ್ದು ತನ್ನ ಕುರ್ಚಿಯನ್ನು ಬಾಗಿಲ ಕಡೆ ಎಳೆದಳು. "ಕೂತ್ಕೋ," ಎಂದಳು.

ನರ್ಸ್ ಮುಂದಿನದನ್ನು ವಿವರಿಸಿದಳು. ಕೀಮೋ ನಿಲ್ಲುವುದಿಲ್ಲ, ಇಂಜೆಕ್ಷನ್ನೂ ನಿಲ್ಲುವುದಿಲ್ಲ. ಮಾತ್ರೆ ಮುಗಿಯಿತು, ಆದರೆ ಒಪ್ಪಿದರೆ ಅವರ ಆರೋಗ್ಯದ ಲೆಕ್ಕ ಸಂಶೋಧನೆಯಲ್ಲಿ ಕೊನೆಯವರೆಗೂ ಇರುತ್ತದೆ, ನುಂಗಿದ್ದು, ನುಂಗದ್ದು ಎರಡೂ ಬೇಕು.

"ನನಗೆ ಇದ್ದದ್ದು ನಿಜವಾದ ಮಾತ್ರೆನೋ, ಉತ್ತುತ್ತಿದೋ?" ಎಂದು ಕೇಳಿದರು ಮೇಸ್ತ್ರಿ.

"ನಂಗೂ ಗೊತ್ತಿಲ್ಲ. ಎಲ್ಲರದ್ದೂ ಮುಗಿದ ಮೇಲೆ ಬಿಚ್ಚೋದು. ಎರಡು ವರ್ಷ ಆಗುತ್ತೆ."

"ಅಷ್ಟರಲ್ಲಿ ನಾನಿರ್ತೀನಾ?"

"ಅದೂ ಗೊತ್ತಿಲ್ಲ ಮೇಸ್ತ್ರಿಗಳೇ."

ಮೇಸ್ತ್ರಿ ತಲೆಯಾಡಿಸಿದರು. ಸುತ್ತಿ ಬಳಸದ ಆ ಉತ್ತರ ಅವರಿಗೆ ಹಿಡಿಸಿದಂತಿತ್ತು. "ಲೆಕ್ಕದಲ್ಲಿ ಇಟ್ಕೊಳ್ಳಿ," ಎಂದರು.

"ಇಲ್ಲಿ ಕಾರಣ ಅಂತ ಒಂದು ಕಾಲಂ ಇದೆ. ಹೇಳಲೇಬೇಕು ಅಂತಿಲ್ಲ. ಯಾಕೆ ತಗೊಳ್ಳಲಿಲ್ಲ?"

"ಬಾಗಿಲು. ಎಂಟು ಬಾಗಿಲು ಒಪ್ಕೊಂಡಿದ್ದೆ..." ಮೇಸ್ತ್ರಿ ಅಲ್ಲಿಗೆ ನಿಲ್ಲಿಸಿದರು. ಹೆಬ್ಬೆರಳ ಬುಡದ ಹೊಲಿಗೆಯ ಗುರುತನ್ನು ಇನ್ನೊಂದು ಬೆರಳಿನಿಂದ ತೀಡಿಕೊಂಡರು. "ಬಾಗಿಲು ಬೇಡ. ಬಾಗಿಲು ಪುಟ್ಟನೂ ಮಾಡ್ತಿದ್ದ. ಇವಳು ನನ್ನ ಕೈ ಹಿಡ್ಕೊಂಡು ಕೂತಿದ್ಲಲ್ಲ, ಎರಡು ಟವೆಲ್ ಮುಗಿದ ಮೇಲೂ ನಿಲ್ಲಲಿಲ್ಲ. ಭಯ ಆಯ್ತು ತಾಯಿ. ಭಯ ಅಂತ ಬರ್ಕೊಳ್ಳಿ."

ನರ್ಸ್ ಹಾಗೆಯೇ ಬರೆದಳು. ಆಮೇಲೆ ನೀಲಿ ಪುಸ್ತಕವನ್ನು ಲಾಯರಮ್ಮನ ಕಡೆ ತಿರುಗಿಸಿದಳು. ಅಳಿಸುವ ಹಾಗಿಲ್ಲ, ಬಿಳಿ ಬಳಿಯುವ ಹಾಗಿಲ್ಲ. ಪ್ರತಿ ತಪ್ಪು ಗುರುತಿನ ಮೇಲೂ ಒಂದೇ ಗೆರೆ, ಪಕ್ಕದಲ್ಲಿ ಸಹಿ, ಇವತ್ತಿನ ತಾರೀಕು. ಹಾಕಿದವರೇ ಹೊಡೆಯಬೇಕು.

ಲಾಯರಮ್ಮ ನಿಂತೇ ಶುರು ಮಾಡಿದಳು. ಗೆರೆ, ಸಹಿ, ತಾರೀಕು. ಗೆರೆ, ಸಹಿ, ತಾರೀಕು. ಹತ್ತೊಂಬತ್ತನೆಯದನ್ನು ಮುಗಿಸುವಾಗ ಅಕ್ಷರ ಮಸುಕಾಯಿತು. ಅವಳು ತೋಳಿನಿಂದ ಮುಖ ಒರೆಸಿಕೊಂಡಳು.

ಪಕ್ಕದಲ್ಲಿ ಚಹಾದ ವಾಸನೆ ಬಂತು. ಅಮ್ಮ ಎದ್ದು ಬಂದು ಫ್ಲಾಸ್ಕಿನ ಮುಚ್ಚಳದಲ್ಲಿ ಬಗ್ಗಿಸಿ, ಪುಸ್ತಕಕ್ಕೆ ತಗಲದ ಹಾಗೆ ಹಿಡಿದಿದ್ದಳು.

"ಮೊದಲು ಇದು ಕುಡಿ," ಎಂದಳು. "ಇನ್ನೂ ಹನ್ನೆರಡು ಬಾಕಿ ಇದೆ."